ಒಂಟಿ ಗುಡ್ಡದ ಮೇಲೊಂದು ತರ್ಜುಮೆ

ಕಳೆದ ತಿಂಗಳು ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದೆ. ಎದುರಿನ ಮೇಜಿನ ಹೆಂಗಸೊಬ್ಬಳು ಚೀಲದಿಂದ ಹಸಿರು ಡಬ್ಬಿಯೊಂದನ್ನು ತೆಗೆದು ಮುಂಗೈಗೆ ಫಸ್ ಎಂದು ಹೊಡೆದುಕೊಂಡಳು. ರಜೆಗೆ ಸ್ಕಾಟ್ಲೆಂಡಿಗೆ ಹೊರಟಿದ್ದಾಳಂತೆ, ಅಲ್ಲಿ ನುಸಿಯ ಕಾಟವಂತೆ, ಈ ಔಷಧಿ ತನ್ನ ಚರ್ಮಕ್ಕೆ ಒಗ್ಗುತ್ತದೋ ಇಲ್ಲವೋ ನೋಡುತ್ತಿದ್ದಳು. ಸೀಮೆಎಣ್ಣೆಗೆ ನಿಂಬೆಸಿಪ್ಪೆ ಹಿಂಡಿದಂಥ ಆ ವಾಸನೆ ಮೆಲ್ಲಗೆ ನನ್ನ ಮೊಸರನ್ನದ ಡಬ್ಬಿಯವರೆಗೂ ಬಂತು. ನಾನು ಚಮಚ ಕೆಳಗಿಟ್ಟೆ. ಪಕ್ಕದಲ್ಲಿದ್ದವರು ಏನಾಯಿತು ಎಂದು ಕೇಳಿದರು. ಏನಿಲ್ಲ, ಉಪ್ಪು ಜಾಸ್ತಿಯಾಗಿದೆ ಎಂದೆ. ಇಂಥ ಸಣ್ಣ ಸುಳ್ಳುಗಳು ನನಗೆ ಸಲೀಸು. ಅದೇ ಈ ಬರಹದ ವಿಷಯವೂ ಹೌದು.

ಉತ್ತರಧ್ರುವದ ಕಡೆಯ ಸೀಮೆ ಎಂದರೆ ನಿಮ್ಮ ಕಣ್ಣಿಗೆ ಬಿಳಿಕರಡಿ ಬರಬಹುದು. ನನಗೆ ಸೊಳ್ಳೆ ಬರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಮಂಜು ಕರಗಿ ನೆಲವೆಲ್ಲ ಜೌಗಾಗುತ್ತದೆ. ಗಾಳಿ ನಿಂತರೆ ಸಾಕು, ಸೊಳ್ಳೆಗಳು ಹೊಗೆಯಂತೆ ಏಳುತ್ತವೆ. ನಾವು ಅಲ್ಲಿದ್ದ ಎಂಟು ದಿನವೂ ಈ ಔಷಧಿಯನ್ನು ಮೈಗೆ ಬಳಿದುಕೊಂಡು, ತಲೆಗೆ ಬಲೆ ಹಾಕಿಕೊಂಡು ಓಡಾಡಿದೆವು. ಬಲೆಯೊಳಗಿನಿಂದಲೇ ಚಹಾ ಕುಡಿಯುವ ಕಲೆ ನನಗೆ ಕೊನೆಯವರೆಗೂ ಬರಲಿಲ್ಲ. ಹನ್ನೊಂದು ವರ್ಷವಾಯಿತು. ನಾನಾಗ ಲೀಡ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಚಿತ್ರದುರ್ಗದ ಬಿಸಿಲುಬಂಡೆಗಳ ನಡುವೆ ಬೆಳೆದವಳು, ಲೀಡ್ಸ್‌ನ ಅಕ್ಟೋಬರಿಗೇ ಮೂರು ಸ್ವೆಟರು ಹಾಕುತ್ತಿದ್ದವಳು, ಓದಲು ಆರಿಸಿಕೊಂಡದ್ದು ಹೆಪ್ಪುಗಟ್ಟಿದ ನೆಲವನ್ನು. "ಇಲ್ಲಿ ಇಲ್ದಿರೋ ಐಸನ್ನ ಅಷ್ಟು ದೂರ ಹೋಗಿ ಓದ್ತೀಯಾ?" ಎಂದು ಅಮ್ಮ ಫೋನಿನಲ್ಲಿ ನಕ್ಕಿದ್ದಳು. ಇಲ್ಲಿ ಇಲ್ಲದ್ದನ್ನೇ ಅಲ್ಲವೇ ಓದಬೇಕಾದ್ದು ಎಂದು ನಾನು ದೊಡ್ಡ ಪಂಡಿತಳಂತೆ ಉತ್ತರಿಸಿದ್ದೆ.

ನಾವು ಹೋದದ್ದು ಕೆನಡಾದ ತುತ್ತತುದಿಗೆ, ಸಮುದ್ರಕ್ಕೆ ಹತ್ತಿರದ ಬಯಲಿಗೆ. ಮರವೆಂಬುದಿಲ್ಲ. ಮೊಣಕಾಲೆತ್ತರದ ಪೊದೆಯೇ ಅಲ್ಲಿನ ಕಾಡು. ಎತ್ತ ನೋಡಿದರೂ ಹುಲ್ಲು, ಕೆರೆ, ಮತ್ತೆ ಹುಲ್ಲು. ಆ ಸಪಾಟಿನ ನಡುವೆ ಯಾರೋ ತಂದಿಟ್ಟು ಮರೆತುಹೋದಂತೆ ಒಂದೇ ಒಂದು ಗುಡ್ಡ. ಇಂಥ ಗುಡ್ಡಗಳಿಗೆ ಪಿಂಗೋ ಎನ್ನುತ್ತಾರೆ. ಅಲ್ಲಿಯ ಜನರ ಮಾತಿನಲ್ಲಿ ಸಣ್ಣ ಗುಡ್ಡ ಎಂದಷ್ಟೇ ಅರ್ಥ. ಅದು ಕಲ್ಲಿನದ್ದಲ್ಲ. "ಹೋಳಿಗೆ ಥರ ಅಂದ್ಕೋ" ಎಂದು ನನ್ನ ಮೇಡಂ ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದರು. "ಮೇಲೆ ತೆಳ್ಳಗೆ ಮಣ್ಣು, ಹುಲ್ಲು. ಒಳಗಡೆ ಹೂರಣದ ಜಾಗದಲ್ಲಿ ಬರೀ ಐಸು. ಆ ಐಸು ಬೆಳೀತಾ ಬೆಳೀತಾ ನೆಲಾನ ಮೇಲಕ್ಕೆ ಎತ್ತುತ್ತೆ. ಒಂದಿನ ನೆತ್ತಿ ಬಿರಿಯುತ್ತೆ, ಬಿಸಿಲು ಒಳಗೆ ಹೋಗುತ್ತೆ, ಆಮೇಲೆ ಕುಸಿಯೋಕೆ ಶುರು."

ಮೇಡಂ ಹೆಸರು ಸುಶೀಲಾ. ಗದಗಿನವರು. ಹುಡುಗಿಯಾಗಿದ್ದಾಗ ಓದಲು ಇಂಗ್ಲೆಂಡಿಗೆ ಬಂದು, ಲೀಡ್ಸ್‌ನಲ್ಲೇ ಮೇಷ್ಟರಾಗಿ, ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಅಲ್ಲೇ ಉಳಿದವರು. ಇಡೀ ವಿಭಾಗ ಅವರನ್ನು ಸೂ ಎಂದು ಕರೆಯುತ್ತಿತ್ತು. ನನ್ನ ನಾಲಿಗೆಗೆ ಅದು ಬರಲಿಲ್ಲ. ನಾನು ಮೇಡಂ ಎನ್ನುತ್ತಿದ್ದೆ. ನನ್ನಿಂದ ಕಲಿತು ಟಾಮ್ ಕೂಡ ಹಾಗೇ ಕರೆಯತೊಡಗಿದ. ಟಾಮ್ ನಮ್ಮ ವಿಭಾಗದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ತಂತ್ರಜ್ಞ, ಹಡರ್ಸ್‌ಫೀಲ್ಡ್‌ನವನು, ನನಗಿಂತ ಐದಾರು ವರ್ಷ ದೊಡ್ಡವನು. ಪ್ರತಿ ಬೇಸಿಗೆಯಲ್ಲೂ ಮೇಡಂ ಜೊತೆ ಆ ಗುಡ್ಡಕ್ಕೆ ಹೋಗುತ್ತಿದ್ದ. ಮೇಡಂ ತರುತ್ತಿದ್ದ ಶೇಂಗಾ ಚಟ್ನಿಪುಡಿಯನ್ನು ಬೇಯಿಸಿದ ಆಲೂಗಡ್ಡೆಯ ಮೇಲೆ ಉದುರಿಸಿಕೊಂಡು ತಿನ್ನುವುದನ್ನು ಅಲ್ಲೇ ರೂಢಿ ಮಾಡಿಕೊಂಡಿದ್ದ. ಮೇಡಂ ಮೇಲೆ ಅವನಿಗಿದ್ದ ನಂಬಿಕೆ ಎಂಥದ್ದೆಂದರೆ, ನಕ್ಷೆಗೂ ಅವರಿಗೂ ಭಿನ್ನಾಭಿಪ್ರಾಯ ಬಂದರೆ ಅವನು ನಕ್ಷೆಯನ್ನು ಮಡಚಿಡುತ್ತಿದ್ದ.

ನಮ್ಮ ಜೊತೆಗಿದ್ದ ನಾಲ್ಕನೆಯವರು ಜೋಸೆಫ್. ಆ ಸೀಮೆಯವರೇ, ವಯಸ್ಸಾದ ಬೇಟೆಗಾರರು. ಕರಡಿ ಬಂದರೆ ಇರಲೆಂದು ಕೋವಿ ಹಿಡಿದು ಬಿಡಾರ ಕಾಯುತ್ತಿದ್ದರು. ಮಾತು ಕಡಿಮೆ, ನೋಟ ಜಾಸ್ತಿ.

ಇಲ್ಲಿ ಒಂದು ವಿಷಯ ಹೇಳಬೇಕು. ಲೀಡ್ಸ್‌ನಲ್ಲಿ ಮೇಡಂ ನನ್ನ ಹತ್ತಿರ ಆಡುತ್ತಿದ್ದ ಕನ್ನಡ ಗದಗಿನದಲ್ಲ. ಪರದೇಶದಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಸರಿಹೊಂದಲೆಂದು ಬೆಂಗಳೂರಿನ ಕಡೆಗೆ ವಾಲಿಸಿಕೊಳ್ಳುವ, ಅರ್ಧ ಇಂಗ್ಲಿಷ್ ಬೆರೆತ ಕನ್ನಡ ಇದೆಯಲ್ಲ, ಅದು. ನಾನು ದುರ್ಗದ ಮಾತನ್ನು ಮಡಚಿಟ್ಟಿದ್ದೆ, ಅವರು ಗದಗಿನದನ್ನು. ಹಾಗಾಗಿ ಗುಡ್ಡ ತಲುಪಿದ ಮೊದಲ ದಿನ, ಡೇರೆಯ ಹಗ್ಗ ಬಿಗಿಯುತ್ತಿದ್ದಾಗ ಅವರು ಟಾಮ್‌ನತ್ತ ತಿರುಗಿ, "ನಳಾ ಬಂದೇತೇನ? ಲಗೂನ ಕೊಡಾ ತೊಳದ ಇಡ. ಈ ಸಲ ತಪ್ಪಿದ್ರ ಮತ್ತ ಎಂಟ ದಿನಾ ಕಾಯಬೇಕ" ಎಂದಾಗ ನಾನು ಬೆಚ್ಚಿಬಿದ್ದೆ. ಗದಗಿನಲ್ಲಿ ನಲ್ಲಿಯ ನೀರು ವಾರಕ್ಕೊಮ್ಮೆ ಬಂದರೆ ಹಬ್ಬ ಎಂದು ಅವರೇ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಸುತ್ತ ಲೆಕ್ಕವಿಲ್ಲದ ಕೆರೆಗಳು, ಎದುರಿಗೆ ನೀರೇ ಹೆಪ್ಪಾಗಿ ನಿಂತ ಗುಡ್ಡ. ಇವರು ನಲ್ಲಿಯ ದಾರಿ ಕಾಯುತ್ತಿದ್ದಾರೆ.

"ಮೇಡಂ ಏನಂದ್ರು?" ಎಂದು ಟಾಮ್ ನನ್ನನ್ನು ಕೇಳಿದ.

"ಕ್ಯಾನುಗಳಿಗೆಲ್ಲ ನೀರು ತುಂಬಿಸಿಡಬೇಕಂತೆ" ಎಂದೆ.

ಅವನು ಕ್ಯಾನು ಎತ್ತಿಕೊಂಡು ಕೆರೆಯತ್ತ ಹೋದ. ಅಷ್ಟೇ. ಮೇಡಂ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಏನೂ ಆಗದವರಂತೆ, ಥರ್ಮಾಮೀಟರಿನ ಪೆಟ್ಟಿಗೆ ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಯಾಣದ ಆಯಾಸ ಎಂದುಕೊಂಡೆ. ಮೂರು ವಿಮಾನ ಬದಲಿಸಿ ಬಂದಿದ್ದೆವು. ಸೂರ್ಯ ಮುಳುಗದ ಊರು, ನಿದ್ದೆ ಹತ್ತಿರಲಿಲ್ಲ. ನನಗೂ ಎಡ ಯಾವುದು ಬಲ ಯಾವುದು ತಿಳಿಯುತ್ತಿರಲಿಲ್ಲ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಇಡೀ ದಿನ ಸರಿಯಾಗಿರುತ್ತಿದ್ದರು. ಗುಡ್ಡದ ನೆತ್ತಿಯ ಬಿರುಕನ್ನು ಅಳೆಯುವಾಗ ಅವರ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ದಣಿದಾಗ ಮಾತ್ರ ಒಳಗೆಲ್ಲೋ ಕದ ತೆರೆದುಕೊಂಡು ಗದಗ ಹೊರಬರುತ್ತಿತ್ತು. "ಅವ್ವಾ ಬುತ್ತಿ ಕಟ್ಯಾಳ, ಎಲ್ಲಾರೂ ಕೂಡಿ ಉಣ್ಣೂಣು" ಎನ್ನುವರು. ಊಟದ ಹೊತ್ತಾಯಿತಂತೆ ಎಂದು ನಾನು ಟಾಮ್‌ಗೆ ಹೇಳುವೆ. ಕನ್ನಡದವಳೊಬ್ಬಳು ಜೊತೆಗಿದ್ದಾಳೆಂದು ಮೇಡಂ ನಾಲಿಗೆ ಆ ಕಡೆ ಹೊರಳುತ್ತದೆ ಎಂದು ಅವನು ತಿಳಿದಂತಿತ್ತು. ಅವರ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಂಜೆ ಅಂಕಿಗಳೆಲ್ಲ ಕನ್ನಡದಲ್ಲಿದ್ದವು. ಅವರು ಮಲಗಿದ ಮೇಲೆ ಕೂತು ಎಲ್ಲವನ್ನೂ ಇಂಗ್ಲಿಷ್ ಅಂಕಿಗೆ ಇಳಿಸಿದೆ. ಎರಡು ಕಡೆ ಅಂಕಿಗಳ ಬದಲು ಯಾರದ್ದೋ ಹೆಸರಿತ್ತು. ಅಲ್ಲಿ ಹಿಂದಿನ ದಿನದ ಅಳತೆ ನೋಡಿ ಅಂದಾಜಿನ ಮೇಲೆ ತುಂಬಿಸಿದೆ.

ಯಾಕೆ ಹಾಗೆ ಮಾಡಿದೆ ಎಂದು ನೀವು ಕೇಳಬಹುದು. ಪ್ರೀತಿಯಿಂದ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಪ್ರೀತಿ ಇತ್ತು, ಸುಳ್ಳಲ್ಲ. ಜ್ವರ ಬಂದಾಗ ನನ್ನ ಕೋಣೆಯ ಬಾಗಿಲಿಗೆ ಜೋಳದ ರೊಟ್ಟಿ ಕಟ್ಟಿಕೊಂಡು ಬಂದಿದ್ದವರು ಅವರು. ಆದರೆ ನನ್ನ ಥೀಸಿಸ್ ಅವರ ಕೈಯಲ್ಲಿತ್ತು, ವೀಸಾ ಥೀಸಿಸ್ಸಿನ ಕೈಯಲ್ಲಿತ್ತು. ಅವರಿಗೆ ಏನೋ ಆಗಿದೆ ಎಂದು ಗೊತ್ತಾದರೆ ಈ ಪ್ರವಾಸ ಇಲ್ಲಿಗೇ ನಿಲ್ಲುತ್ತದೆ, ನಾನು ನಡುನೀರಿನಲ್ಲಿ ಉಳಿಯುತ್ತೇನೆ ಎಂಬ ಹೆದರಿಕೆಯೂ ಇತ್ತು. ಯಾವುದು ಎಷ್ಟು ಪಾಲು ಎಂದು ಈಗ ಬೇರ್ಪಡಿಸಲಾರೆ.

ಜೋಸೆಫ್ ಒಂದು ಮಧ್ಯಾಹ್ನ ಕೋವಿ ಒರೆಸುತ್ತ ನನ್ನನ್ನು ಕರೆದರು. "ನಿಮ್ಮ ಭಾಷೆ ನನಗೆ ಬರೋದಿಲ್ಲ. ಆದರೆ ಆಕೆ ಉದ್ದಕ್ಕೆ ಮಾತಾಡ್ತಾರೆ, ನೀನು ಚಿಕ್ಕದಾಗಿ ಹೇಳ್ತೀಯ. ಮಿಕ್ಕಿದ್ದು ಎಲ್ಲಿ ಹೋಗುತ್ತೆ?"

ನಮ್ಮ ಭಾಷೆಯೇ ಹಾಗೆ, ಪದಗಳು ಉದ್ದ ಎಂದು ನಕ್ಕೆ. ಅವರು ನಗಲಿಲ್ಲ.

ಏಳನೆಯ ದಿನ ನೆತ್ತಿಯ ಮೇಲೆ ಕೆಲಸ ಮುಗಿಸುವಷ್ಟರಲ್ಲಿ ಸಮುದ್ರದ ಕಡೆಯಿಂದ ಮಂಜು ಬಂತು. ಹತ್ತು ಹೆಜ್ಜೆಯಾಚೆ ಏನೂ ಕಾಣದು. ಜೋಸೆಫ್ ಕೆಳಗೆ ಬಿಡಾರದಲ್ಲಿದ್ದರು. ಮೇಲಿದ್ದವರು ನಾವು ಮೂವರೇ. ನಾವು ಹತ್ತುತ್ತಿದ್ದ ಉತ್ತರದ ದಾರಿ ಬಳಸು. ದಕ್ಷಿಣದ ಇಳಿಜಾರು ಹತ್ತಿರ, ಆದರೆ ಒಳಗಿನ ಐಸು ಕರಗುತ್ತಿರುವ ಮಗ್ಗುಲು ಅದು. ಅದನ್ನು ಮೇಡಂ ಹಿಂದಿನ ದಿನ ಒಬ್ಬರೇ ಕೋಲು ಹಿಡಿದು ಸುತ್ತಿ ನೋಡಿ ಬಂದಿದ್ದರು. ಆ ಕಡೆ ಕಾಲಿಡಬಹುದೋ ಇಲ್ಲವೋ ಎಂದು ಹೇಳಬೇಕಾದವರು ಅವರೇ. ಟಾಮ್ ಬೆನ್ನಿಗೆ ಭಾರದ ಪೆಟ್ಟಿಗೆ ಏರಿಸಿಕೊಂಡು ಕೇಳಿದ: "ಮೇಡಂ, ದಕ್ಷಿಣದ ಕಡೆಯಿಂದ ಇಳಿಯಬಹುದಾ?"

ಮೇಡಂ ಮಂಜಿನೊಳಗೆ ನೋಡುತ್ತ ನಿಂತಿದ್ದರು. ತಲೆಯ ಬಲೆ ಸರಿಸಿ, ಕೈಯೆತ್ತಿ ದಕ್ಷಿಣವನ್ನೇ ತೋರಿಸಿದರು. "ಗುಡಿ ಕಡೆ ಇಳಿ ತಮ್ಮಾ. ಅಲ್ಲಿ ಮೆಟ್ಟಲಾ ಅದಾವ. ಹಗೂರಕ ಇಳಿ."

ಟಾಮ್ ನನ್ನತ್ತ ನೋಡಿದ.

ಆ ಗಳಿಗೆಯನ್ನು ನಾನು ಎಷ್ಟು ಸಲ ಹಿಂದಕ್ಕೆಳೆದು ನೋಡಿದ್ದೇನೋ ಲೆಕ್ಕವಿಲ್ಲ. ಗುಡಿ ಇಲ್ಲ, ಮೆಟ್ಟಿಲು ಇಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅವರ ಕೈ ಖಚಿತವಾಗಿ ತೋರಿಸಿತ್ತು. ಮಾತು ದಾರಿ ತಪ್ಪಿದರೂ ಅಷ್ಟು ವರ್ಷದ ಕೈ ತಪ್ಪಲಾರದು ಎಂದುಕೊಂಡೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದ್ದರೆ ಟಾಮ್ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ.

"ಆ ಕಡೆ ಸರಿಯಿದೆಯಂತೆ" ಎಂದೆ. "ನಿಧಾನಕ್ಕೆ ಇಳೀಬೇಕಂತೆ."

ಅವನು ಮಂಜಿನೊಳಗೆ ಇಳಿದ. ಪೆಟ್ಟಿಗೆಯ ಕೆಂಪು ಪಟ್ಟಿ ಸ್ವಲ್ಪ ಹೊತ್ತು ಕಂಡು ಮರೆಯಾಯಿತು. ಆಮೇಲೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ಆಮೇಲೆ ಅವನ ಕೂಗು.

ಹುಲ್ಲಿನ ಚಾಪೆಯಡಿ ಐಸು ಕರಗಿ ಪೊಳ್ಳಾಗಿತ್ತು. ಅವನು ಸೊಂಟದವರೆಗೆ ಕೆಸರಿನಲ್ಲಿ ಜಾರಿಹೋಗಿದ್ದ. ಮೇಲಿನಿಂದ ಕಳಚಿ ಬಂದ ಐಸಿನ ಬಂಡೆಯೊಂದು ಅವನ ಎಡಗಾಲ ಮೇಲೆ ಕೂತಿತ್ತು. ಕೂಗು ಕೇಳಿ ಜೋಸೆಫ್ ಹಗ್ಗ ತಂದರು. ಅವರೂ ನಾನೂ ಸೇರಿ ಅವನನ್ನು ಹೊರಗೆಳೆಯುವ ಹೊತ್ತಿಗೆ ನನ್ನ ಅಂಗೈ ಸುಲಿದುಹೋಗಿತ್ತು. ಬೂಟಿನೊಳಗಿದ್ದದ್ದು ಪಾದ ಎನ್ನುವ ಹಾಗಿರಲಿಲ್ಲ. ಮಂಜು ಸರಿದು ವಿಮಾನ ಇಳಿಯಲು ಮರುದಿನದವರೆಗೂ ಕಾಯಬೇಕಾಯಿತು.

ಆ ಇಡೀ ಹೊತ್ತು ಮೇಡಂ ಟಾಮ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವನ ಕೂಗೇ ಅವರನ್ನು ಎಲ್ಲಿಂದಲೋ ಎಳೆದು ತಂದಿತ್ತೇನೋ. ಮಾತು, ಲೆಕ್ಕ, ಎಲ್ಲ ನೆಟ್ಟಗಿತ್ತು. ಯಾವ ಔಷಧಿ ಯಾವಾಗ ಕೊಡಬೇಕು, ರೇಡಿಯೋದಲ್ಲಿ ಏನು ಹೇಳಬೇಕು, ಎಲ್ಲವನ್ನೂ ಒಪ್ಪ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅವನಿಗೆ ಮಂಪರು ಹತ್ತಿದ ಮೇಲೆ ನನ್ನನ್ನು ಡೇರೆಯ ಹೊರಗೆ ಕರೆದರು.

"ನಾನು ಏನಂದೆ?"

ನಾನು ಸುಲಿದ ಅಂಗೈಗೆ ಬಟ್ಟೆ ಸುತ್ತತೊಡಗಿದೆ.

"ನಿಜ ಹೇಳು. ಅವನು ಕೇಳಿದಾಗ ನಾನು ಏನಂದೆ?"

"ಗುಡಿ ಕಡೆ ಇಳಿ, ಅಲ್ಲಿ ಮೆಟ್ಟಿಲಿದೆ ಅಂದ್ರಿ ಮೇಡಂ."

ಅವರ ಮುಖ ಸಣ್ಣದಾಯಿತು. ಬೇರೆ ಹೇಗೆ ಹೇಳಲಿ, ಕಣ್ಣೆದುರೇ ಸಣ್ಣದಾಯಿತು. "ಇದು ಎಷ್ಟು ದಿನದಿಂದ?"

"ಬಂದ ದಿನದಿಂದ."

"ನನಗ್ಯಾಕೆ ಹೇಳಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ…"

"ಬೇಜಾರು!" ಎಂದರು. "ನನಗೆ ಗೊತ್ತಿರಲಿಲ್ಲ ಕಣೇ. ನಿನಗೆ ಗೊತ್ತಿತ್ತು." ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹೇಗಾದರೂ ತಡೆದುಕೊಳ್ಳುತ್ತಿದ್ದೆ. "ಯಾರಾದ್ರೂ ಕೇಳಿದ್ರೆ, ನಾನು ಹೇಳಿದ್ದನ್ನೇ ಹೇಳಿದೆ ಅನ್ನು."

"ಅದು ಸುಳ್ಳಾಗುತ್ತೆ ಮೇಡಂ."

"ಏಳು ದಿನದಿಂದ ಹೇಳ್ತಿರೋದು ಏನು ಮತ್ತೆ?" ಡೇರೆಯ ಪರದೆ ಎತ್ತಿ ಒಳಗೆ ಹೋಗುವ ಮುಂಚೆ ತಿರುಗಿ ನಿಂತರು. "ಥೀಸಿಸ್ ಮುಗಿಸು. ಮೂರನೇ ಅಧ್ಯಾಯ ಚೆನ್ನಾಗಿಲ್ಲ, ಮತ್ತೆ ಬರಿ."

ಟಾಮ್‌ನ ಎಡಪಾದ ಉಳಿಯಲಿಲ್ಲ. ಲೀಡ್ಸ್‌ಗೆ ಮರಳಿದ ಮೇಲೆ ವಿಶ್ವವಿದ್ಯಾಲಯದವರು ವಿಚಾರಣೆ ಇಟ್ಟರು. ಮೂವರು ಮರ್ಯಾದಸ್ಥರು, ನೀರಿನ ಜಗ್, ಬಿಸ್ಕತ್ತಿನ ತಟ್ಟೆ. ದಕ್ಷಿಣದ ಇಳಿಜಾರು ಭದ್ರವಾಗಿದೆ ಎಂದು ಹೇಳಿದ್ದು ತಾನೇ, ತಪ್ಪು ಅಂದಾಜು ತನ್ನದೇ, ಆ ಹುಡುಗಿ ತಾನು ಹೇಳಿದ್ದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದಳು ಎಂದರು ಮೇಡಂ. ಆಮೇಲೆ ನನ್ನ ಸರದಿ. ಅವರು ಹೇಳಿದ್ದನ್ನೇ ನೀವು ತರ್ಜುಮೆ ಮಾಡಿದಿರಾ ಎಂದು ಕೇಳಿದರು. ಹೌದು ಎಂದೆ. ಮತ್ತೇನಾದರೂ ಹೇಳುವುದಿದೆಯೇ ಎಂದರು. ಇಲ್ಲ ಎಂದೆ. ಹೊರಗೆ ಬಂದಾಗ ಮೇಡಂ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದರು. ನನ್ನತ್ತ ನೋಡಿ, ಪರೀಕ್ಷೆ ಬರೆದು ಬಂದ ಮಗುವನ್ನು ಕೇಳುವಂತೆ ಹುಬ್ಬೆತ್ತಿದರು. ನಾನು ತಲೆಯಾಡಿಸಿದೆ.

ಅವರು ಕೆಲಸ ಬಿಟ್ಟರು. ಕೆಲವು ತಿಂಗಳ ನಂತರ ವೈದ್ಯರು ಇದು ಮರೆವಿನ ಕಾಯಿಲೆ ಎಂದು ಹೆಸರಿಟ್ಟರು. ಸುದ್ದಿ ವಿಭಾಗದಲ್ಲೆಲ್ಲ ಹಬ್ಬಿತು, ಜೊತೆಗೆ ಇನ್ನೊಂದು ಮಾತೂ ಹಬ್ಬಿತು: ತನಗೆ ಹೀಗಾಗುತ್ತಿದೆ ಎಂದು ಸೂಗೆ ಮೊದಲೇ ಗೊತ್ತಿತ್ತಂತೆ, ಮುಚ್ಚಿಟ್ಟುಕೊಂಡು ಜನರನ್ನು ಅಂಥ ಜಾಗಕ್ಕೆ ಕರೆದೊಯ್ದಳಂತೆ. ನನ್ನೆದುರೇ ಇದನ್ನು ಆಡಿದರು. ನಾನು ಕಾಫಿ ಕಲಕುತ್ತಿದ್ದೆ, ಕಲಕುತ್ತಲೇ ಇದ್ದೆ. ಮೂರನೆಯ ಅಧ್ಯಾಯವನ್ನು ಮತ್ತೆ ಬರೆದೆ. ಬೇರೆ ಮೇಷ್ಟರ ಕೈಕೆಳಗೆ ಡಾಕ್ಟರಾದೆ. ಅಲ್ಲಿಗೆ ಹೆಪ್ಪುನೆಲದ ಸಹವಾಸ ಸಾಕೆನಿಸಿ ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಗೆ ಸೇರಿದೆ. ಮದುವೆ, ಮಗಳು, ಮಾರ್ಟ್‌ಗೇಜ್. ಜೀವನ ತನ್ನ ಪಾಡಿಗೆ ತಾನು ನಡೆಯಿತು.

ಮೇಡಂ ಲೀಡ್ಸ್‌ನ ಉತ್ತರದ ಒಂದು ಕೇರ್ ಹೋಮ್‌ನಲ್ಲಿದ್ದರು. ಒಂದು ದಿನ ಅಲ್ಲಿಂದ ಫೋನ್ ಬಂತು. ಅವರು ಈಗ ಇಂಗ್ಲಿಷ್ ಆಡುವುದೇ ಇಲ್ಲ, ಏನು ಬೇಕೆಂದು ನಮಗೆ ತಿಳಿಯುವುದಿಲ್ಲ, ಪರಿಚಿತರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ ಎಂದರು. ಹೋದೆ. ಕಿಟಕಿಯ ಹತ್ತಿರ ಕೂತಿದ್ದರು. ಕೂದಲನ್ನು ಯಾರೋ ಚಿಕ್ಕದಾಗಿ ಕತ್ತರಿಸಿದ್ದರು. "ಯಾರ ಮಗಳ ನೀ?" ಎಂದು ಕೇಳಿದರು. ಹೇಳಿದೆ. "ಉಂಡೇನ?" ಎಂದರು. ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸ್‌ಗೆ ಒಂದು ಹಾಳೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಗದಗಿನ ಮಾತುಗಳನ್ನು ಬರೆದುಕೊಟ್ಟೆ: ನೀರು, ನೋವು, ಹಸಿವು, ಥಂಡಿ, ಸಾಕು. ಆ ಪುಣ್ಯಾತ್ಗಿತ್ತಿ ಅಲ್ಲೇ ನಿಂತು ಒಂದೊಂದನ್ನೂ ಬಾಯಿಪಾಠ ಮಾಡಿದಳು. ಮೇಡಂ ಅವಳ ಉಚ್ಚಾರ ಕೇಳಿ ಬಾಯ್ತುಂಬ ನಕ್ಕರು.

ಇನ್ನೆರಡು ಸಲ ಹೋದೆ. ಆಮೇಲೆ ಹೋಗಲಿಲ್ಲ. ಮ್ಯಾಂಚೆಸ್ಟರಿನಲ್ಲಿ ರೈಲು ಬದಲಿಸಬೇಕು, ಮಗು ಚಿಕ್ಕದು, ಕೆಲಸದ ಪಾಳಿ ಬದಲಾಗಿದೆ. ಕಾರಣಗಳಿಗೇನು ಬರ? ನಿಜ ಹೇಳಬೇಕೆಂದರೆ, ಅವರು ಎಲ್ಲವನ್ನೂ ಮರೆತಿದ್ದರು. ನನ್ನನ್ನು ಕ್ಷಮಿಸಬಲ್ಲವರೂ ಬೈಯಬಲ್ಲವರೂ ಆ ಕುರ್ಚಿಯಲ್ಲಿ ಇರಲಿಲ್ಲ. ಅದನ್ನು ನೋಡಲಾಗಲಿಲ್ಲ.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಏಳೆಂಟು ಜನ. ಟಾಮ್ ಬಂದಿರಲಿಲ್ಲ. ಗದಗಿನಿಂದ ಅವರ ತಮ್ಮ ಬರಲಾಗದೆ, ನಾನು ಎತ್ತಿಹಿಡಿದ ಫೋನಿನಲ್ಲೇ ಎಲ್ಲವನ್ನೂ ನೋಡಿದರು. ಮುಗಿದ ಮೇಲೆ, ಏನಾದರೂ ಮಾತಾಡಬೇಕಲ್ಲ ಎಂದು, ನಿಮ್ಮೂರ ಹತ್ತಿರ ಗುಡಿಯಿರುವ ಗುಡ್ಡವೇನಾದರೂ ಇದೆಯೇ ಎಂದು ಕೇಳಿದೆ. "ಐತ್ರಿ" ಎಂದರು. "ಸಣ್ಣಾಂವ ಇದ್ದಾಗ ಅಲ್ಲಿ ಮೆಟ್ಟಲಾ ಇಳಿಯಾಕ ನನಗ ಭಾಳ ಅಂಜಿಕಿ. ಅಕ್ಕ ಕೈ ಹಿಡದ ಇಳಸ್ತಿದ್ಲರಿ." ಆಮೇಲೆ ಅವರು ಅತ್ತರು. ಫೋನಿನಲ್ಲಿ ಅಳುವ ಮುದುಕರನ್ನು ಹೇಗೆ ಸಮಾಧಾನ ಮಾಡಬೇಕೆಂದು ನನಗೆ ಈಗಲೂ ತಿಳಿಯದು.

ಕ್ಯಾಂಟೀನಿನಲ್ಲಿ ಆ ವಾಸನೆ ಮೂಗಿಗೆ ಬಡಿದ ದಿನ ಸಂಜೆ ಮನೆಗೆ ಬಂದು ವಿಶ್ವವಿದ್ಯಾಲಯಕ್ಕೆ ಕಾಗದ ಬರೆದೆ. ನಡೆದದ್ದೆಲ್ಲವನ್ನೂ ಬರೆದೆ. ಹತ್ತು ದಿನಕ್ಕೆ ಉತ್ತರ ಬಂತು. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ, ಸಂಬಂಧಪಟ್ಟವರು ಈಗ ಯಾರೂ ಇಲ್ಲಿಲ್ಲ, ವಿಷಯ ಮುಗಿದಿದೆ ಎಂದು. ಓದಿ ನಗು ಬಂತು. ಹೇಳಬೇಕಾದವರಿಗೆ ಬಿಟ್ಟು ಉಳಿದವರಿಗೆಲ್ಲ ಹೇಳುವುದರಲ್ಲಿ ನಾನು ನಿಸ್ಸೀಮಳು.

ಹಾಗಾಗಿ ಹೋದ ಶನಿವಾರ ಹಡರ್ಸ್‌ಫೀಲ್ಡಿಗೆ ಹೋದೆ. ಟಾಮ್ ಈಗ ಅಲ್ಲಿ ಒಂದು ಶಾಲೆಯ ಪ್ರಯೋಗಾಲಯ ನೋಡಿಕೊಳ್ಳುತ್ತಾನೆ. ಮೊದಲೇ ಫೋನ್ ಮಾಡಿದ್ದೆ. ಬಾಗಿಲು ತೆಗೆದ. ಕೂದಲು ಬೆಳ್ಳಗಾಗಿದೆ. ಕೃತಕ ಪಾದ ಎಂದು ಗೊತ್ತಿದ್ದವರಿಗಷ್ಟೇ ಗೊತ್ತಾಗುವಂತೆ ನಡೆಯುತ್ತಾನೆ. ಚಹಾ ಕೊಟ್ಟ. ಮನೆಯ ಹಿಂದಿನ ಪುಟ್ಟ ಅಂಗಳದಲ್ಲಿ ಕೂತೆವು. ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು. ಆ ಯಂತ್ರದ ಸದ್ದು ನಿಲ್ಲಲಿ ಎಂದು ಕಾದೆ. ನಿಂತಿತು. ಹೇಳಿದೆ.

ನಲ್ಲಿಯ ನೀರಿನಿಂದ ಹಿಡಿದು ವಿಚಾರಣೆಯ ಕೋಣೆಯ ಹೌದು ಎಂಬ ಮಾತಿನವರೆಗೆ. ಚಹಾದ ಮೇಲೆ ಕೆನೆ ಕಟ್ಟಿತು.

"ಅಂದರೆ ಅವರಿಗೆ ಗೊತ್ತಿರಲಿಲ್ಲ" ಎಂದ ಕೊನೆಗೆ.

"ಇಲ್ಲ."

"ನಿನಗೆ ಗೊತ್ತಿತ್ತು."

"ಹೂಂ."

ಅವನು ಎದ್ದು ಬೇಲಿಯವರೆಗೆ ಹೋಗಿ ನಿಂತ. ಬೆನ್ನು ನನ್ನ ಕಡೆಗಿತ್ತು. "ಹನ್ನೊಂದು ವರ್ಷ ನಾನು ಆ ಹೆಂಗಸನ್ನ ದ್ವೇಷಿಸಿದೆ. ಕಾಲು ಹೋಗಿದ್ದಕ್ಕಲ್ಲ. ಗೊತ್ತಿದ್ದೂ ನನ್ನನ್ನ ಕಳಿಸಿದ್ರು ಅಂತ. ಆ ಸುದ್ದಿ ಕೇಳಿದ ಮೇಲೆ, ಕಾಲಿನ ಎರಡನೇ ಆಪರೇಷನ್ನಿಗೆ ಮಲಗಿದ್ದಾಗ, ಆಸ್ಪತ್ರೆಗೆ ನನ್ನ ನೋಡೋಕೆ ಬಂದಿದ್ರು, ಅದು ಗೊತ್ತಾ ನಿನಗೆ? ನಾನು ಗೋಡೆ ಕಡೆ ತಿರುಗಿ ಮಲಗಿದೆ. ಸುಮಾರು ಹೊತ್ತು ನಿಂತಿದ್ರು."

ನನಗೆ ಗೊತ್ತಿರಲಿಲ್ಲ.

"ಅವರು ಬದುಕಿದ್ದಾಗ ಹೇಳಬೇಕಿತ್ತು ನೀನು" ಎಂದ. ದನಿ ಏರಲಿಲ್ಲ. "ನಾನು ಹೋಗ್ತಿದ್ದೆ. ಅವರಿಗೆ ಗುರುತು ಸಿಗದೇ ಇದ್ದರೂ ಹೋಗಿ ಕೂರ್ತಿದ್ದೆ."

ಕ್ಷಮಿಸು ಎಂಬ ಮಾತನ್ನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದೆ. ಅದು ಅಲ್ಲಿ ತೀರಾ ಸಣ್ಣದಾಗಿ ಕಂಡಿತು, ಆಡಲಿಲ್ಲ. ಹೊರಡಲು ಚೀಲ ಎತ್ತಿಕೊಂಡೆ. ಅವನು ತಿರುಗಿದ.

"ಅವರು ನಿಜವಾಗಿ ಏನಂದ್ರು? ಅವರ ಮಾತಲ್ಲೇ ಹೇಳು."

ಗದಗಿನ ಕನ್ನಡ ನನ್ನ ಬಾಯಲ್ಲಿ ನೆಟ್ಟಗೆ ಕೂರುವುದಿಲ್ಲ. ಆದರೂ ಹೇಳಿದೆ. "ಗುಡಿ ಕಡೆ ಇಳಿ ತಮ್ಮಾ. ಅಲ್ಲಿ ಮೆಟ್ಟಲಾ ಅದಾವ. ಹಗೂರಕ ಇಳಿ."

ಟಾಮ್‌ನ ಮುಖ ಬದಲಾಯಿತು. "ಇನ್ನೊಂದು ಸಲ."

ಹೇಳಿದೆ.

"ಮಧ್ಯದ ಆ ಶಬ್ದ" ಎಂದ. "ತಮ್ಮಾ. ಅದನ್ನ ಕೇಳಿದೀನಿ. ಆಸ್ಪತ್ರೆಯಲ್ಲಿ ಹೊರಡೋ ಮುಂಚೆ ಬೆನ್ನ ಹಿಂದೆ ಏನೋ ಅಂದ್ರು, ನಿಮ್ಮ ಭಾಷೇಲಿ. ಉದ್ದಕ್ಕೆ ಏನೋ. ಮಿಕ್ಕಿದ್ದು ಒಂದೂ ನೆನಪಿಲ್ಲ, ಆ ಶಬ್ದ ಮಾತ್ರ ಎರಡು ಮೂರು ಸಲ ಬಂತು. ನನ್ನ ಹೆಸರನ್ನೇ ತಪ್ಪಾಗಿ ಹೇಳ್ತಿದಾರೆ ಅಂದ್ಕೊಂಡಿದ್ದೆ." ಬೇಲಿಯಿಂದ ಈಚೆ ಬಂದು ಕೇಳಿದ: "ಏನು ಹಾಗಂದರೆ?"

ಹೇಳಿದೆ. ಒಡಹುಟ್ಟಿದವನು, ತನಗಿಂತ ಚಿಕ್ಕವನು. ಮುಂದೆ ಒಂದೊಂದೇ ಪದ ತೆಗೆದುಕೊಂಡು, ಗುಡಿ ಎಂದರೇನು, ಮೆಟ್ಟಲಾ ಎಂದರೇನು, ಹಗೂರಕ ಎಂದರೇನು, ಒಂದನ್ನೂ ಬಿಡದೆ ಹೇಳಿದೆ. ಗದಗಿನ ಗುಡ್ಡದಲ್ಲಿ ಮೆಟ್ಟಿಲು ಇಳಿಯಲು ಹೆದರುತ್ತಿದ್ದ ತಮ್ಮನ ಕೈ ಹಿಡಿದು ಅವರು ಇಳಿಸುತ್ತಿದ್ದುದನ್ನೂ ಹೇಳಿದೆ. ಟಾಮ್ ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಆಸ್ಪತ್ರೆಯಲ್ಲಿ ಮಿಕ್ಕ ಮಾತು ಏನಿತ್ತೋ ಅದು ಇನ್ನು ಯಾರಿಗೂ ತಿಳಿಯುವುದಿಲ್ಲ. ಒಂದು ಅಂದಾಜು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೀಗೆ ಹೇಳಿರಬಹುದು ಎಂದಿದ್ದರೆ ಅವನಿಗೂ ಹಗುರವಾಗುತ್ತಿತ್ತು, ನನಗೂ. ಅವನು ಕೈ ತೆಗೆದು ನನ್ನನ್ನು ನೋಡಿದ.

"ಅವರು ಅವತ್ತು ಏನಂದಿರಬಹುದು?"

"ಗೊತ್ತಿಲ್ಲ ಟಾಮ್" ಎಂದೆ. "ನಾನು ಅಲ್ಲಿರಲಿಲ್ಲ."